ಅಕ್ಷರ ಬಿಡುಗಡೆಯಾದ ಬಗೆ: ಕನ್ನಡ ನಾಡಿನಲ್ಲಿ ಮುಕ್ತ ತಂತ್ರಾಂಶದ ಚರಿತ್ರೆ

ಮುಕ್ತ ತಂತ್ರಾಂಶ ಅಂದರೆ ಸೋರ್ಸ್ ಕೋಡ್ ಎಲ್ಲರಿಗೂ ಸಿಗುವ, ಯಾರು ಬೇಕಾದರೂ ತಿದ್ದಿ ಹಂಚಬಹುದಾದ ತಂತ್ರಾಂಶ. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಗ್ನೂ ಯೋಜನೆಯನ್ನು ಸಾರಿದರು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿಯಾಗಿದ್ದ ಲೈನಸ್ ಟೊರ್ವಾಲ್ಡ್ಸ್ ಲಿನಕ್ಸ್ ಕರ್ನಲ್ ಬರೆದು ಹಂಚಿದರು. ಮರುವರ್ಷ ಅದು ಜಿಪಿಎಲ್ ಪರವಾನಗಿಗೆ ಒಳಪಟ್ಟಿತು. ಪಶ್ಚಿಮದಲ್ಲಿ ಈ ಚಳವಳಿ ಪ್ರೋಗ್ರಾಮ್ ಬರೆಯುವವರ ಸ್ವಾತಂತ್ರ್ಯದ ಮಾತಾಗಿ ಹುಟ್ಟಿತು. ಕನ್ನಡ ನಾಡಿನಲ್ಲಿ ಅದಕ್ಕೂ ಮುಂಚೆ ಆಗಬೇಕಾದ ಕೆಲಸವಿತ್ತು. ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರ ಮೂಡಬೇಕಿತ್ತು, ಒಂದು ಕಡೆ ಮೂಡಿದ್ದು ಇನ್ನೊಂದು ಕಡೆಯೂ ಓದಲು ಬರಬೇಕಿತ್ತು. ಇಲ್ಲಿನ ಚರಿತ್ರೆಯ ಬಹುಪಾಲು ಈ ಎರಡನೆಯ ಬೇಡಿಕೆಯದೇ.

ಮೊದಲ ಹೆಜ್ಜೆ ಕೀಲಿಮಣೆಯದು. ದಕ್ಷಿಣ ಕನ್ನಡದ ಕಿನ್ನಿಕಂಬಳದ ಕೆ.ಪಿ. ರಾವ್ ಅಚ್ಚಿನ ಲೋಕದಲ್ಲಿ ಪಳಗಿದವರು. ಭಾರತೀಯ ಲಿಪಿಗಳ ಜೋಡಣೆಯನ್ನು ಯಂತ್ರಕ್ಕೆ ಕಲಿಸುವ ಕೆಲಸದಲ್ಲಿ ತೊಡಗಿದ್ದವರು. ಟೈಪ್‌ರೈಟರಿನಲ್ಲಿ ಅಕ್ಷರದ ತುಂಡುಗಳನ್ನು, ಅಂದರೆ ತಲೆಕಟ್ಟು, ಕೊಂಬು, ಒತ್ತುಗಳನ್ನು, ಒಂದೊಂದಾಗಿ ಕೂಡಿಸಬೇಕಿತ್ತು. ರಾವ್ ಅವರು ಅದನ್ನು ಬಿಟ್ಟು ನುಡಿಯುವ ಕ್ರಮವನ್ನೇ ಹಿಡಿದರು. ವ್ಯಂಜನಕ್ಕೆ ಒಂದು ಕೀಲಿ, ಸ್ವರಕ್ಕೆ ಒಂದು ಕೀಲಿ, ಒತ್ತಕ್ಷರಕ್ಕೆ ನಡುವೆ ಒಂದು ಕೊಂಡಿ. ಇಂಗ್ಲಿಷಿನ 26 ಕೀಲಿಗಳಲ್ಲೇ ಇಡೀ ವರ್ಣಮಾಲೆ ಹಿಡಿಸಿತು. ಈ ವಿನ್ಯಾಸವನ್ನು ಅಳವಡಿಸಿದ ತಂತ್ರಾಂಶಕ್ಕೆ ಅವರು ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟು ಉಚಿತವಾಗಿ ಹಂಚಿದರು, ವಿನ್ಯಾಸದ ಮೇಲೆ ಹಕ್ಕನ್ನೂ ಸಾಧಿಸಲಿಲ್ಲ. ಮುಂದೆ ಕರ್ನಾಟಕ ಸರ್ಕಾರ ಒಪ್ಪಿಕೊಂಡ ಕೀಲಿಮಣೆಗೆ ಇದೇ ತಳಹದಿ. ಇಂದು ಲಿನಕ್ಸಿನಲ್ಲಿ ಕನ್ನಡ ಬೆರಳಚ್ಚಿಸುವವರು ಆರಿಸಿಕೊಳ್ಳುವ ‘ಕೆಜಿಪಿ’ (ಕನ್ನಡ ಗಣಕ ಪರಿಷತ್ತು) ವಿನ್ಯಾಸವೂ ಇದರ ಸಂತತಿಯೇ. ಪರವಾನಗಿಯ ಭಾಷೆ ಇಲ್ಲಿಗೆ ಬರುವ ಮೊದಲೇ ಅದರ ನಡತೆ ಬಂದಿತ್ತು.

ಲಿನಕ್ಸ್ ನಾಡಿಗೆ ಬಂದದ್ದು ಬೆಂಗಳೂರಿನ ದಾರಿಯಿಂದ. ಬೆಳಗಾವಿಯಲ್ಲಿ ಬೆಳೆದ ಅತುಲ್ ಚಿಟ್ನೀಸ್ 1980ರ ದಶಕದ ಕೊನೆಯಲ್ಲಿ ಬೆಂಗಳೂರಿನಲ್ಲಿ ‘ಸಿಕ್ಸ್’ ಎಂಬ ಬುಲೆಟಿನ್ ಬೋರ್ಡ್ ನಡೆಸುತ್ತಿದ್ದರು. ಫೋನ್ ತಂತಿಗೆ ಮೋಡೆಮ್ ಜೋಡಿಸಿ, ತಮ್ಮದೇ ಕಂಪ್ಯೂಟರಿಗೆ ಹೊರಗಿನವರು ಬಂದು ಪತ್ರ, ಕಡತ ವಿನಿಮಯ ಮಾಡುವ ಏರ್ಪಾಡು ಅದು. ಈಗ ಸೆಲ್ಫ್-ಹೋಸ್ಟಿಂಗ್ ಎನ್ನುವ ಹವ್ಯಾಸದ ಪೂರ್ವಜ. 1996ರಲ್ಲಿ ಪಿಸಿ ಕ್ವೆಸ್ಟ್ ಪತ್ರಿಕೆ ಸಂಚಿಕೆಯ ಜೊತೆ ಲಿನಕ್ಸ್ ಸಿ.ಡಿ. ಕೊಟ್ಟಾಗ ಅದರ ಹಿಂದೆಯೂ ಚಿಟ್ನೀಸ್ ಇದ್ದರು. ಇಂಟರ್‌ನೆಟ್ಟಿನಿಂದ ಅಷ್ಟು ದೊಡ್ಡ ಕಡತಗಳನ್ನು ಇಳಿಸಿಕೊಳ್ಳುವುದು ಆಗದ ಮಾತಾಗಿದ್ದ ಕಾಲದಲ್ಲಿ ಆ ಸಿ.ಡಿ.ಗಳು ಕೈಯಿಂದ ಕೈಗೆ ಹೋದವು. ಬೆಂಗಳೂರು ಲಿನಕ್ಸ್ ಬಳಕೆದಾರರ ಗುಂಪು ಕಟ್ಟಿಕೊಂಡಿತು. 2001ರಲ್ಲಿ ‘ಲಿನಕ್ಸ್ ಬೆಂಗಳೂರು’ ಸಮ್ಮೇಳನ ಶುರುವಾಗಿ 2005ರಿಂದ ‘ಫಾಸ್ ಡಾಟ್ ಇನ್’ ಎಂಬ ಹೆಸರಿನಲ್ಲಿ 2012ರವರೆಗೆ ನಡೆಯಿತು. ಜಿಪಿಎಲ್‌ನ ಮೂರನೆಯ ಆವೃತ್ತಿಯ ಕರಡನ್ನು ಚರ್ಚಿಸುವ ನಾಲ್ಕನೆಯ ಅಂತರರಾಷ್ಟ್ರೀಯ ಸಮಾವೇಶ 2006ರ ಆಗಸ್ಟಿನಲ್ಲಿ ಕೂಡಿದ್ದೂ ಬೆಂಗಳೂರಿನಲ್ಲೇ.

ಅದೇ ನಗರದ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರೂ ಎನ್‌ಕೋರ್ ಕಂಪನಿಯ ಇಂಜಿನಿಯರುಗಳೂ ಸೇರಿ 2001ರ ಹೊತ್ತಿಗೆ ಸಿಂಪ್ಯೂಟರ್ ರೂಪಿಸಿದರು. ಅಂಗೈಯಲ್ಲಿ ಹಿಡಿಯುವ, ಲಿನಕ್ಸ್ ಮೇಲೆ ನಡೆಯುವ, ಓದು ಬಾರದವರೊಂದಿಗೂ ದನಿಯ ಮೂಲಕ ಮಾತಾಡಬೇಕೆಂಬ ಯಂತ್ರ. ಅದರ ಯಂತ್ರಾಂಶಕ್ಕೂ ಮುಕ್ತ ಪರವಾನಗಿಯಿತ್ತು: ವಿನ್ಯಾಸವನ್ನು ಮಾರ್ಪಡಿಸಿ ಮಾರಿದವರು ವರ್ಷದೊಳಗೆ ಆ ಮಾರ್ಪಾಟನ್ನು ಸಿಂಪ್ಯೂಟರ್ ಟ್ರಸ್ಟಿಗೆ ಒಪ್ಪಿಸಬೇಕು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ‘ಅಮಿಡಾ’ ಹೆಸರಿನಲ್ಲಿ ಅದನ್ನು ತಯಾರಿಸಿತು. ಕರ್ನಾಟಕದ ಭೂದಾಖಲೆಯ ಕೆಲಸಕ್ಕೂ ಅದು ಬಳಕೆಯಾಯಿತು. ಮಾರುಕಟ್ಟೆಯಲ್ಲಿ ಸಿಂಪ್ಯೂಟರ್ ನಿಲ್ಲಲಿಲ್ಲ. ಆದರೆ ಅದಕ್ಕಾಗಿ ಹುಟ್ಟಿದ, ಪಠ್ಯವನ್ನು ಓದಿ ಹೇಳುವ ‘ಧ್ವನಿ’ ತಂತ್ರಾಂಶ ಮುಕ್ತವಾಗಿದ್ದರಿಂದ ಯಂತ್ರದ ಜೊತೆ ಸಾಯದೆ ಉಳಿಯಿತು, ಬೇರೆಯವರ ಕೈಯಲ್ಲಿ ಬೆಳೆಯಿತು.

ರಾಜಧಾನಿಯ ಈ ಸಡಗರ ಈಗಿನ ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳನ್ನು ಮುಟ್ಟಲಿಲ್ಲ. ನೊಳಂಬರ ಕಾಲದಲ್ಲಿ ಕೋಗಳಿ ಐನೂರು ಎನಿಸಿಕೊಂಡ, ಶಾಸನಗಳಿಂದ ತುಂಬಿದ ಈ ಸೀಮೆಗೆ ಕಂಪ್ಯೂಟರ್ ಬಂದದ್ದು ಸರ್ಕಾರಿ ಕಚೇರಿಯ ಮೇಜಿಗೆ ಮತ್ತು ಅಚ್ಚುಕೂಟಕ್ಕೆ, ವಿಂಡೋಸ್ ಜೊತೆ. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಪಂಚಾಯತಿಯ ನಡಾವಳಿ ಇವೆಲ್ಲ ನುಡಿ ಅಥವಾ ಬರಹದಲ್ಲಿ ಮೂಡಿದವು. ಶೇಷಾದ್ರಿವಾಸು 1998ರಲ್ಲಿ ಹೊರತಂದ ‘ಬರಹ’ ಲಕ್ಷಾಂತರ ಜನರಿಗೆ ಕನ್ನಡ ಬೆರಳಚ್ಚು ಕಲಿಸಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರ್ಕಾರದ ತಂತ್ರಾಂಶವಾಯಿತು. ಹೊಸಪೇಟೆಯ ಬಳಿಯ ಹಂಪಿ ಕನ್ನಡ ವಿಶ್ವವಿದ್ಯಾಲಯ ‘ಕುವೆಂಪು ಕನ್ನಡ ತಂತ್ರಾಂಶ’ವನ್ನು ಹೊರತಂದಿತು. ಕನ್ನಡಕ್ಕೆ ತಕ್ಕ ತಂತ್ರಾಂಶ ಬೇಕೆಂದು ಬಿಡದೆ ವಾದಿಸಿದ ಪೂರ್ಣಚಂದ್ರ ತೇಜಸ್ವಿಯವರ ಒತ್ತಾಸೆ ಅದರ ಹಿಂದಿತ್ತು. ಒಬ್ಬ ಕಾದಂಬರಿಕಾರ ಕೊನೆಗಾಲದಲ್ಲಿ ಫಾಂಟುಗಳ ಬಗ್ಗೆ ಇಷ್ಟು ತಲೆಕೆಡಿಸಿಕೊಂಡದ್ದು ಸಣ್ಣ ಸಂಗತಿಯಲ್ಲ.

ಹಣ ಕೊಡಬೇಕಿಲ್ಲ ಎಂದ ಮಾತ್ರಕ್ಕೆ ಈ ತಂತ್ರಾಂಶಗಳ ಸೋರ್ಸ್ ಕೋಡ್ ಎಲ್ಲರ ಕೈಗೆ ಬಂದಿರಲಿಲ್ಲ. ಬರಹದ ನಂತರದ ಆವೃತ್ತಿಗಳಿಗೆ ಹಣವನ್ನೂ ಕೊಡಬೇಕಾಯಿತು. ಅದಕ್ಕಿಂತ ದೊಡ್ಡ ತೊಡಕು ಸಂಕೇತೀಕರಣದ್ದು. ಈ ತಂತ್ರಾಂಶಗಳಲ್ಲಿ ಅಂದು ಉಳಿಯುತ್ತಿದ್ದುದು ಕನ್ನಡ ಅಕ್ಷರವಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ ಕನ್ನಡದ ಚಿತ್ರಗಳು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಹುಡುಕಲು ಬರದು, ಅಕಾರಾದಿಯಾಗಿ ಜೋಡಿಸಲು ಬರದು. ಹೀಗೆ ವರ್ಷಗಟ್ಟಲೆ ಬೆಳೆದ ಬರವಣಿಗೆ ಆಯಾ ತಂತ್ರಾಂಶದ ಬೇಲಿಯೊಳಗೇ ಉಳಿಯಿತು.

ಬಿಡುಗಡೆಯ ದಾರಿ, ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯೂನಿಕೋಡ್. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗವಿತ್ತು, ಆದರೆ ಜಾಗ ಸಿಕ್ಕಿದರೆ ಸಾಲದು. ‘ಅರ್ಕ’ ಎಂದು ಬರೆದಾಗ ಯೂನಿಕೋಡಿನಲ್ಲಿ ಉಳಿಯುವುದು ಉಚ್ಚಾರದ ಕ್ರಮ: ಅಕಾರ, ರಕಾರ, ಹಲಂತ, ಕಕಾರ. ತೆರೆಯ ಮೇಲೆ ಮಾತ್ರ ರಕಾರ ಅರ್ಕಾವತ್ತಾಗಿ ಕಕಾರದ ಬಲಕ್ಕೆ ಸರಿಯಬೇಕು. ‘ಸ್ತ್ರೀ’ಯಲ್ಲಿ ಎರಡು ಒತ್ತುಗಳು ಕೆಳಗಿಳಿಯಬೇಕು, ದೀರ್ಘ ಬಲಕ್ಕೆ ಹೋಗಬೇಕು. ಈ ಸ್ಥಳಾಂತರವನ್ನು ಮಾಡುವುದು ಫಾಂಟಿನ ಒಳಗಿನ ನಿಯಮಗಳು ಮತ್ತು ಆಕಾರ ಜೋಡಿಸುವ ಎಂಜಿನ್. ಲಿನಕ್ಸಿನಲ್ಲಿ ಮೊದಲು ಪ್ಯಾಂಗೊ, ಆಮೇಲೆ ಹಾರ್ಫ್‌ಬಜ್ ಈ ಕೆಲಸ ಮಾಡಿದವು. ಮುಚ್ಚಿದ ತಂತ್ರಾಂಶದಲ್ಲಿ ಒತ್ತಕ್ಷರ ತಪ್ಪಿದರೆ ಕಂಪನಿ ಮನಸ್ಸು ಮಾಡುವವರೆಗೆ ಕಾಯಬೇಕು, ಕನ್ನಡದ ಮಾರುಕಟ್ಟೆ ಅಷ್ಟು ದೊಡ್ಡದಲ್ಲ. ಮುಕ್ತವಾದುದರಲ್ಲಿ ಕನ್ನಡ ಓದಬಲ್ಲ ಒಬ್ಬ ಪ್ರೋಗ್ರಾಮರ್ ದೋಷವನ್ನು ತಾನೇ ಪತ್ತೆಮಾಡಿ ತಿದ್ದುಪಡಿ ಕಳಿಸಬಹುದಿತ್ತು. ಮುಕ್ತ ತಂತ್ರಾಂಶ ಕನ್ನಡಕ್ಕೆ ಅಗತ್ಯವೆನಿಸಿದ್ದು ಈ ಕಾರಣಕ್ಕೆ. ಸಿದ್ಧಾಂತದ ಒಲವು ಆಮೇಲಿನದು.

ಫಾಂಟುಗಳೂ ಒಂದೊಂದಾಗಿ ಬಂದವು. ಕೇದಗೆ, ಮಲ್ಲಿಗೆ ಮೊದಲು ಸಿಕ್ಕವು. 2004ರಲ್ಲಿ ರೆಡ್ ಹ್ಯಾಟ್ ಲೋಹಿತ್ ಫಾಂಟುಗಳನ್ನು ಜಿಪಿಎಲ್ ಅಡಿ ಬಿಡುಗಡೆ ಮಾಡಿತು, 2011ರಲ್ಲಿ ಅವು ಮುಕ್ತ ಫಾಂಟ್ ಪರವಾನಗಿಗೆ ಬದಲಾದವು. ಅರವಿಂದ ವಿ.ಕೆ. ರೂಪಿಸಿದ ಗುಬ್ಬಿ, ನವಿಲು ಫಾಂಟುಗಳು ಡೆಬಿಯನ್ ಎಂಬ ಲಿನಕ್ಸ್ ವಿತರಣೆಯ ಭಂಡಾರ ಸೇರಿದವು. ಗ್ನೋಮ್, ಕೆಡಿಇ, ಫೈರ್‌ಫಾಕ್ಸ್‌ಗಳ ಪರಿಭಾಷೆಯನ್ನು ಕನ್ನಡಕ್ಕೆ ತಂದವರಲ್ಲಿ ಸಂಬಳದ ಕೆಲವರು, ಸಂಬಳವಿಲ್ಲದ ಹಲವರು ಇದ್ದರು.

ಶಾಲೆಗಳಲ್ಲಿ ಲಿನಕ್ಸ್ ಬೇರೂರಿದ ಕನ್ನಡದ ಊರುಗಳು ಕರ್ನಾಟಕದ ಗಡಿಯಾಚೆ ಇವೆ. ಕೇರಳ 2001ರಲ್ಲಿ ಐಟಿ@ಸ್ಕೂಲ್ ಯೋಜನೆ ಆರಂಭಿಸಿ, ಆ ದಶಕ ಮುಗಿಯುವುದರೊಳಗೆ ಸರ್ಕಾರಿ ಶಾಲೆಗಳ ಕಂಪ್ಯೂಟರ್ ಪಾಠವನ್ನು ಮುಕ್ತ ತಂತ್ರಾಂಶಕ್ಕೆ ಒಯ್ದಿತು. 2017ರಲ್ಲಿ ಅದು ‘ಕೈಟ್’ ಎಂಬ ಸರ್ಕಾರಿ ಕಂಪನಿಯಾಯಿತು. ಉಬುಂಟು ಎಂಬ ಲಿನಕ್ಸ್ ವಿತರಣೆಯ ಆಧಾರದ ಕೈಟ್ ಗ್ನೂ/ಲಿನಕ್ಸ್ ಈಗ ಶಾಲೆಗಳಲ್ಲಿ ನಡೆಯುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಐಸಿಟಿ ಪಠ್ಯಪುಸ್ತಕ ಕನ್ನಡದಲ್ಲೇ ಬರುತ್ತದೆ, ಹತ್ತನೆಯ ತರಗತಿಯ ಐಟಿ ಪ್ರಾಯೋಗಿಕ ಪರೀಕ್ಷೆಯನ್ನು ಅವರು ಲಿನಕ್ಸಿನಲ್ಲೇ ಬರೆಯುತ್ತಾರೆ. ಕರ್ನಾಟಕದಲ್ಲಿ ಐಟಿ ಫಾರ್ ಚೇಂಜ್ ಸಂಸ್ಥೆ ಶಿಕ್ಷಣ ಇಲಾಖೆಯ ಜೊತೆ ಸೇರಿ ಪ್ರೌಢಶಾಲಾ ಶಿಕ್ಷಕರಿಗೆ ಉಬುಂಟು, ಗಣಿತದ ತಂತ್ರಾಂಶ ಜಿಯೋಜೀಬ್ರಾ ಕಲಿಸಿತು; ಶಿಕ್ಷಕರೇ ಬರೆದ ಕನ್ನಡದ ಪಾಠಸಾಮಗ್ರಿ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಎಂಬ ಭಂಡಾರವಾಯಿತು. 2009ರಲ್ಲಿ ರೂಪುಗೊಂಡ ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಶಿಬಿರ ನಡೆಸಿತು. ಕೇರಳದ ಹಾಗೆ ಇಡೀ ರಾಜ್ಯವೇ ಒಂದು ನಿರ್ಧಾರಕ್ಕೆ ಬಂದು ನಿಂತದ್ದು ಇಲ್ಲಿ ಆಗಲಿಲ್ಲ.

ಮಕ್ಕಳಿಗೆ ಲಿನಕ್ಸ್ ಹತ್ತಿರವಾದದ್ದು ಹೆಚ್ಚಾಗಿ ಆಟದಿಂದ. ಟಕ್ಸ್ ಪೇಂಟ್, ಜಿಕಾಂಪ್ರಿ, ಪೆಂಗ್ವಿನ್ ಓಡಿಸುತ್ತ ಬೆರಳಚ್ಚು ಕಲಿಸುವ ಟಕ್ಸ್ ಟೈಪಿಂಗ್ ಮೊದಲ ಪಾಠಗಳಾದವು. ದೊಡ್ಡವರ ಆಟಗಳ ಕಥೆ ಬೇರೆ. 1998ರಲ್ಲಿ ಹುಟ್ಟಿ ಲಿನಕ್ಸಿಗೆ ವಾಣಿಜ್ಯ ಆಟಗಳನ್ನು ತಂದ ಅಮೆರಿಕದ ಲೋಕಿ ಕಂಪನಿ 2002ರಲ್ಲಿ ಮುಚ್ಚಿತು. ಹವ್ಯಾಸಿಗಳು ವೈನ್ ಮೂಲಕ ವಿಂಡೋಸ್ ಆಟಗಳನ್ನು ಹೇಗೋ ನಡೆಸುತ್ತಿದ್ದರು. 2018ರಲ್ಲಿ ವಾಲ್ವ್ ಕಂಪನಿ ವೈನ್ ಆಧರಿಸಿದ ಪ್ರೋಟಾನ್ ಬಿಟ್ಟಿತು, 2022ರಲ್ಲಿ ಲಿನಕ್ಸ್ ಮೇಲೆ ನಡೆಯುವ ಸ್ಟೀಮ್ ಡೆಕ್ ತಂದಿತು. ಸಾವಿರಾರು ಆಟಗಳು ತಿದ್ದುಪಡಿಯಿಲ್ಲದೆ ಓಡತೊಡಗಿದವು. ವ್ಯಾಲರಂಟ್‌ನಂಥ ಸ್ಪರ್ಧಾ ಆಟಗಳು ಮಾತ್ರ ಮೋಸ ತಡೆಯುವ ತಮ್ಮ ತಂತ್ರಾಂಶದ ಕಾರಣಕ್ಕೆ ಇನ್ನೂ ಹೊರಗಿವೆ.

ಬೇಲಿಯೊಳಗೆ ಉಳಿದ ಬರವಣಿಗೆಯನ್ನು ಹೊರತರುವ ಕೆಲಸ ಕಳೆದ ದಶಕದ್ದು, ಈ ಚರಿತ್ರೆಯಲ್ಲಿ ಅತ್ಯಂತ ಫಲ ಕೊಟ್ಟದ್ದೂ ಅದೇ. ನುಡಿ, ಬರಹದ ಕಡತಗಳನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕವನ್ನು ಅರವಿಂದ ವಿ.ಕೆ. ಮುಕ್ತವಾಗಿ ಬರೆದುಕೊಟ್ಟರು. ಓಂಶಿವಪ್ರಕಾಶ್ ಮತ್ತು ಗೆಳೆಯರ ‘ಸಂಚಯ’ ತಂಡ 20 ಸಾವಿರಕ್ಕೂ ಹೆಚ್ಚು ವಚನಗಳನ್ನು ಪದಪದವಾಗಿ ಹುಡುಕಬಹುದಾದ ‘ವಚನ ಸಂಚಯ’ ಕಟ್ಟಿತು. ಕೊಟ್ಟೂರು, ಉಜ್ಜಿನಿಗಳ ಮಠಗಳಿರುವ ಕೋಗಳಿ ಸೀಮೆಯ ಓದುಗ ಒಂದು ಪದ ಯಾವ ಯಾವ ಶರಣರಲ್ಲಿ ಬರುತ್ತದೆಂದು ಸಂಪುಟಗಳನ್ನು ತಿರುವದೆ ನೋಡಲು ಅದರಿಂದ ಸಾಧ್ಯವಾಯಿತು. ವಿ. ಕೃಷ್ಣ ಅವರು ನಾಲ್ಕು ದಶಕ ಒಬ್ಬರೇ ಕೂತು ಕಟ್ಟಿದ, ಸುಮಾರು ಒಂದೂವರೆ ಲಕ್ಷ ಪದಗಳ ಕನ್ನಡ-ಇಂಗ್ಲಿಷ್ ನಿಘಂಟು 2019ರಲ್ಲಿ ‘ಅಲರ್’ ಎಂಬ ಹೆಸರಿನಲ್ಲಿ, ಬೆಂಗಳೂರಿನ ಷೇರು ದಲ್ಲಾಳಿ ಕಂಪನಿ ಜೆರೋಧಾದ ಕೈಲಾಶ್ ನಾಧ್ ಅವರ ನೆರವಿನಿಂದ, ದತ್ತಾಂಶ ಸಮೇತ ಮುಕ್ತವಾಯಿತು. ಜೀವಮಾನದ ದುಡಿಮೆಯನ್ನು ಹೀಗೆ ಬಿಟ್ಟುಕೊಟ್ಟ ನಿಘಂಟುಕಾರರು ವಿರಳ.

ಸ್ವಂತ ಸರ್ವರ್ ನಡೆಸುವ ಪರಂಪರೆಯೂ ಸಾಗಿದೆ. ಜೆರೋಧಾದಂಥ ಕಂಪನಿ ತನ್ನ ವ್ಯವಹಾರದ ಬಹುಭಾಗವನ್ನು ಮುಕ್ತ ತಂತ್ರಾಂಶದ ಮೇಲೆ ತಾನೇ ನಡೆಸುತ್ತದೆ, 2024ರಿಂದ ವರ್ಷಕ್ಕೆ ಹತ್ತು ಲಕ್ಷ ಡಾಲರನ್ನು ಇಂಥ ಯೋಜನೆಗಳಿಗೆ ತೆಗೆದಿಟ್ಟಿದೆ. ಹಳ್ಳಿಯ ಮಟ್ಟದಲ್ಲಿ ತುಮಕೂರು ಜಿಲ್ಲೆಯ ದೇವರಾಯನದುರ್ಗದ ಬಳಿಯ ದುರ್ಗದಹಳ್ಳಿಯಲ್ಲಿ ‘ಜನಾಸ್ತು’ ಸಂಸ್ಥೆ ಮಾಡಿದ ಕೆಲಸ ಇನ್ನೂ ಮುಖ್ಯ. ಅಲ್ಲಿ ರೂಟರುಗಳು ಒಂದಕ್ಕೊಂದು ನಿಸ್ತಂತುವಾಗಿ ಹೆಣೆದುಕೊಂಡ ಸಮುದಾಯದ ಜಾಲವಿದೆ, ಊರೊಳಗೇ ಪುಟ್ಟ ಸರ್ವರ್ ಇದೆ. ಊರವರ ದನಿಯ ಕಥೆ, ಹಾಡು, ಮಾಹಿತಿ ಅದರಲ್ಲೇ ಉಳಿಯುತ್ತವೆ. ಹೊರಗಿನ ಇಂಟರ್‌ನೆಟ್ ಕಡಿದರೂ ಕೇಳಲು ಸಿಗುತ್ತವೆ. ಸಿಗ್ನಲ್ ನಂಬಲಾಗದ ಸಂಡೂರು-ಕೂಡ್ಲಿಗಿಯ ಗುಡ್ಡದ ಊರುಗಳಿಗೂ ಇದು ಒಪ್ಪುವ ಮಾದರಿ.

ಯೂನಿಕೋಡ್ ಈಗ ಸರ್ಕಾರದ ಶಿಷ್ಟತೆ, ನುಡಿಯ ಹೊಸ ಆವೃತ್ತಿಗಳೂ ಅದರಲ್ಲೇ ಬರೆಯುತ್ತವೆ. ತಾಲ್ಲೂಕು ಊರುಗಳ ಡಿಟಿಪಿ ಅಂಗಡಿಗಳಲ್ಲಿ ಹಳೆಯ ಪೇಜ್‌ಮೇಕರ್ ಮತ್ತು ಹಳೆಯ ಫಾಂಟುಗಳ ಬಳಕೆ ನಿಂತಿಲ್ಲ. ಅಲ್ಲಿ ಮೂಡಿದ ಸ್ಮರಣಸಂಚಿಕೆ, ಸ್ಥಳಪುರಾಣ, ಊರಿನ ಇತಿಹಾಸದ ಪುಸ್ತಿಕೆಗಳ ಕಡತಗಳಿಗೆ ಪರಿವರ್ತಕದ ಕೆಲಸ ಇನ್ನೂ ಬಾಕಿ ಇದೆ.