ಸಾಲ್ಮೊನೆಲ್ಲ ಸೋಂಕು: ಕಾಫಿ ಮಲೆನಾಡಿನಲ್ಲಿ ಪ್ರಸಾರ

ಸಾಲ್ಮೊನೆಲ್ಲ ಕರುಳಿನ ಮೂಲಕ ದೇಹ ಹೊಗುವ ಬ್ಯಾಕ್ಟೀರಿಯಗಳ ಕುಲ. ಇದರಲ್ಲಿ 2,500ಕ್ಕೂ ಹೆಚ್ಚು ಬಗೆಗಳಿವೆ. ಟೈಫಿ ಬಗೆಗೆ ಮನುಷ್ಯನೊಬ್ಬನೇ ಆಸರೆ. ಅದರಿಂದ ಬರುವುದು ವಿಷಮಶೀತಜ್ವರ, ಅಂದರೆ ಟೈಫಾಯಿಡ್. ಪ್ಯಾರಾಟೈಫಿಯದೂ ಹೆಚ್ಚುಕಡಿಮೆ ಇದೇ ದಾರಿ. ಉಳಿದವುಗಳಲ್ಲಿ ಹಲವು ಕೋಳಿ, ಹಂದಿ, ದನಗಳ ಕರುಳಿನಲ್ಲಿದ್ದು, ಅರೆಬೆಂದ ಮೊಟ್ಟೆ, ಮಾಂಸದ ಮೂಲಕ ಬಂದು 6ರಿಂದ 72 ಗಂಟೆಯೊಳಗೆ ಭೇದಿ ತರುತ್ತವೆ. ಇಂಥ ರೋಗಿಗಳು ಬಹುಪಾಲು ವಾರದೊಳಗೆ ತಾವಾಗಿಯೇ ಚೇತರಿಸಿಕೊಳ್ಳುವುದರಿಂದ ಲೆಕ್ಕಕ್ಕೆ ಸಿಗುವುದು ಕಡಿಮೆ.

ಹರಡುವ ದಾರಿ

ಟೈಫಾಯಿಡ್ ಹರಡುವುದು ಮಲ ಸೇರಿದ ನೀರು, ಆಹಾರದಿಂದ. ಗುಣವಾದವರಲ್ಲೂ ನೂರಕ್ಕೆ 1ರಿಂದ 5 ಮಂದಿಯ ಪಿತ್ತಕೋಶದಲ್ಲಿ ರೋಗಾಣು ಉಳಿದು, ಅವರು ಜ್ವರವಿಲ್ಲದ ವಾಹಕರಾಗುತ್ತಾರೆ. ಮೂಡಿಗೆರೆ, ಕಳಸ ಕಡೆ ಗುಡ್ಡದ ಒರತೆಯ ನೀರನ್ನು ಹಿಂದೆ ದಂಬೆಯಲ್ಲಿ, ಈಗ ಪೈಪಿನಲ್ಲಿ ಅಂಗಳಕ್ಕೆ ಇಳಿಸಿಕೊಳ್ಳುವುದುಂಟು. ಒರತೆಯ ಕಣ್ಣು ಶುದ್ಧವಿದ್ದರೂ, ಪೈಪಿನ ಬಾಯಿ ತೋಟದ ಆಳುಗಳ ಲೈನು ಮನೆಗಳಿಗಿಂತ ಕೆಳಗಿದ್ದರೆ ಮುಂಗಾರಿನ ಮೊದಲ ಮಳೆಗೇ ಮೇಲಿನ ಕೊಳೆ ಅದರೊಳಗೆ ಇಳಿಯಬಲ್ಲದು. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಹೊರಗಿನ ಆಳುಗಳು ಬಂದು ಲೈನುಗಳು ತುಂಬುತ್ತವೆ. ಆಗ ನೀರಿನ ಜೊತೆಗೆ ಅಡುಗೆಯ ಕೈಯೂ ದಾರಿಯಾಗಬಹುದು.

ರೋಗನಿರ್ಣಯ ಮತ್ತು ಎಣಿಕೆ

ಮಲೆನಾಡಿನಲ್ಲಿ ಜ್ವರಗಳನ್ನು ಬೇರೆಬೇರೆ ಮಾಡಿ ಗುರುತಿಸುವುದು ಕಷ್ಟ. ಮಳೆಗಾಲದ ಇಲಿಜ್ವರ, ಡೆಂಗಿ, ಬೇಸಗೆಯ ಮಂಗನ ಕಾಯಿಲೆ (1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು) ಇವೆಲ್ಲ ಮೊದಲ ದಿನಗಳಲ್ಲಿ ಟೈಫಾಯಿಡಿನಂತೆಯೇ ಜ್ವರ, ತಲೆನೋವಿನಿಂದ ಶುರುವಾಗುತ್ತವೆ. ಇಲ್ಲಿ ತೊಡಕಾಗುವುದು ವೈಡಾಲ್ ಪರೀಕ್ಷೆ. 1896ರಲ್ಲಿ ಫ್ರಾನ್ಸಿನ ಫೆರ್ನಾಂಡ್ ವೈಡಾಲ್ ವಿವರಿಸಿದ ಇದು ಹುಡುಕುವುದು ರೋಗಾಣುವನ್ನಲ್ಲ, ಅದರ ವಿರುದ್ಧ ರಕ್ತದಲ್ಲಿ ಹುಟ್ಟಿದ ಪ್ರತಿಕಾಯವನ್ನು. ಮೊದಲ ವಾರದಲ್ಲಿ ಪ್ರತಿಕಾಯ ಇನ್ನೂ ಕಾಣದಿರಬಹುದು. ಹಳೆಯ ಸೋಂಕು, ಲಸಿಕೆ, ಮಲೇರಿಯಗಳಿಂದಲೂ ಪರೀಕ್ಷೆ ಪಾಸಿಟಿವ್ ಬರಬಹುದು. ಆದ್ದರಿಂದ ಒಂದೇ ಸಲ 1:160 (ರಕ್ತರಸವನ್ನು ಅಷ್ಟು ತೆಳುಮಾಡಿದರೂ ಪ್ರತಿಕಾಯ ಕಂಡಿತು) ಎಂದು ಬಂದ ಚೀಟಿ ಟೈಫಾಯಿಡನ್ನು ಖಚಿತಪಡಿಸದು. ಖಚಿತಪಡಿಸಬಲ್ಲದು ರಕ್ತದ ಕಲ್ಚರ್, ಅಂದರೆ ರಕ್ತದಲ್ಲಿನ ರೋಗಾಣುವನ್ನೇ ಬೆಳೆಸಿ ನೋಡುವ ಪರೀಕ್ಷೆ. ಅದೂ ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಮಾತ್ರ ಫಲಿಸುತ್ತದೆ, ಮೊದಲೇ ಆಂಟಿಬಯಾಟಿಕ್ ನುಂಗಿದ್ದರೆ ಇನ್ನೂ ಕಡಿಮೆ. ವೈಡಾಲ್ ನೆಚ್ಚಿದ ಎಣಿಕೆಯಲ್ಲಿ ಬೇರೆ ಜ್ವರಗಳು ಸೇರಿಕೊಳ್ಳುತ್ತವೆ. ಕಲ್ಚರ್ ನೆಚ್ಚಿದರೆ ನಿಜವಾದ ರೋಗಿಗಳೇ ಬಿಟ್ಟುಹೋಗುತ್ತಾರೆ.

ಕಲ್ಚರ್ ಆಧಾರಿತ ರಾಷ್ಟ್ರೀಯ ಅಧ್ಯಯನವೊಂದು (2017–2020) ಈ ಕೊರತೆಯನ್ನೂ ಸರಿದೂಗಿಸಿ ಲೆಕ್ಕ ಹಾಕಿತು. ದೆಹಲಿ, ಕೋಲ್ಕತ್ತ, ವೆಲ್ಲೂರುಗಳಲ್ಲಿ ವರ್ಷಕ್ಕೆ ಲಕ್ಷ ಮಕ್ಕಳಲ್ಲಿ 576ರಿಂದ 1,173 ಪ್ರಕರಣಗಳು ಕಂಡರೆ, ಪುಣೆಯ ಗ್ರಾಮೀಣ ಭಾಗದಲ್ಲಿ ಕಂಡದ್ದು 35 ಮಾತ್ರ. ಮಲೆನಾಡಿಗೆ ಇದನ್ನು ನೇರವಾಗಿ ಅನ್ವಯಿಸಲಾಗದು. ಆದರೆ ಹಳ್ಳಿ, ಪೇಟೆಗಳ ನಡುವಿನ ಅಂತರ ದೊಡ್ಡದಿರಬಹುದೆಂಬುದಕ್ಕೆ ಇದು ಸೂಚನೆ.

ತಡೆ

ಪೈಪಿನ ಬಾಯಿಯನ್ನು ವಸತಿಗಿಂತ ಮೇಲಿಡುವುದು, ಕುದಿಸಿದ ನೀರು, ಪಾಯಿಖಾನೆ, ಸಾಬೂನಿನಿಂದ ಕೈತೊಳೆಯುವುದು ಮೂಲ ಕ್ರಮಗಳು. ರೋಗವಿರುವ ದೇಶಗಳಿಗೆ ಟೈಫಾಯಿಡ್ ಕಾಂಜುಗೇಟ್ ಲಸಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಶಿಫಾರಸು ಮಾಡಿತು; 6 ತಿಂಗಳ ಶಿಶುವಿನಿಂದ ಹಿಡಿದು ಇದನ್ನು ಕೊಡಬಹುದು.