ಹೆಪ್ಪುಗಟ್ಟುವಿಕೆಯ ಪರೀಕ್ಷೆಗಳು ಮತ್ತು ರಕ್ತಮಾದರಿಯ ಸಂರಕ್ಷಣೆ: ಒಂದು ಚಾರಿತ್ರಿಕ ಅವಲೋಕನ

ರಕ್ತವು ನಾಳದೊಳಗಿರುವಷ್ಟು ಕಾಲ ದ್ರವ. ಹೊರಬಂದ ಕೆಲವೇ ನಿಮಿಷಗಳಲ್ಲಿ ಹೆಪ್ಪು. ಈ ಪರಿವರ್ತನೆಯನ್ನು ಅಳೆಯಹೊರಟವರಿಗೆ ಮೊದಲಿನಿಂದಲೂ ಒಂದು ಇಕ್ಕಟ್ಟು ಎದುರಾಗಿದೆ. ಅಳೆಯಬೇಕಾದರೆ ರಕ್ತವನ್ನು ಹೊರತೆಗೆಯಲೇಬೇಕು. ಹೊರತೆಗೆದ ಕ್ಷಣದಿಂದಲೇ ಅದು ಬದಲಾಗತೊಡಗುತ್ತದೆ. ಆದಕಾರಣ ಪರೀಕ್ಷೆಯ ಫಲಿತಾಂಶದಲ್ಲಿ ರೋಗಿಯ ಪಾಲೆಷ್ಟು, ನಳಿಕೆಯ ಪಾಲೆಷ್ಟು ಎಂಬುದನ್ನು ಬೇರ್ಪಡಿಸುವ ಪ್ರಯತ್ನವೇ ಈ ಪರೀಕ್ಷೆಗಳ ಚರಿತ್ರೆಯೆಂದರೆ ತಪ್ಪಾಗಲಾರದು. ಪ್ರಸ್ತುತ ಲೇಖನದಲ್ಲಿ ಆ ಚರಿತ್ರೆಯ ಕೆಲವು ಘಟ್ಟಗಳನ್ನು ಪರಿಶೀಲಿಸಲಾಗಿದೆ.

ಆರಂಭದ ಘಟ್ಟ

1863ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ನೀಡಿದ ಕ್ರೂನಿಯನ್ ಉಪನ್ಯಾಸದಲ್ಲಿ ಜೋಸೆಫ್ ಲಿಸ್ಟರ್, ಅನ್ಯವಸ್ತುವಿನ ಸ್ಪರ್ಶವೇ ರಕ್ತವನ್ನು ಹೆಪ್ಪುಗಟ್ಟಲು ಪ್ರೇರೇಪಿಸುತ್ತದೆ ಎಂಬ ವಿಚಾರವನ್ನು ಪ್ರತಿಪಾದಿಸಿದನು. 1890ರಲ್ಲಿ ಫ್ರಾನ್ಸಿನ ಆರ್ಥುಸ್ ಮತ್ತು ಪಾಜೆಸ್, ಆಕ್ಸಲೇಟ್ ಲವಣವು ಕ್ಯಾಲ್ಸಿಯಮನ್ನು ಹಿಡಿದಿಟ್ಟು ರಕ್ತವನ್ನು ದ್ರವವಾಗಿಯೇ ಉಳಿಸುತ್ತದೆಂದು ತೋರಿಸಿದರು. ಇದರಿಂದ ಮಾದರಿಯನ್ನು ಕಾಪಿಟ್ಟು, ಬೇಕೆಂದಾಗ ಕ್ಯಾಲ್ಸಿಯಂ ಸೇರಿಸಿ ಪರೀಕ್ಷಿಸುವ ಮಾರ್ಗ ತೆರೆಯಿತು. 1913ರಲ್ಲಿ ಲೀ ಮತ್ತು ವೈಟ್ ರೂಪಿಸಿದ ವಿಧಾನದಲ್ಲಾದರೋ ಯಾವ ಲವಣವನ್ನೂ ಬೆರೆಸದ ರಕ್ತವು ಗಾಜಿನ ನಳಿಕೆಯಲ್ಲಿ ಹೆಪ್ಪುಗಟ್ಟುವ ಕಾಲವನ್ನೇ ಅಳೆಯಲಾಗುತ್ತಿತ್ತು.

ಕೆಡುವಿಕೆಯಿಂದ ಕಂಡ ಸತ್ಯ

1935ರಲ್ಲಿ ಅಮೆರಿಕದ ಆರ್ಮಂಡ್ ಕ್ವಿಕ್ ಪ್ರೋಥ್ರಾಂಬಿನ್ ಕಾಲದ ಪರೀಕ್ಷೆಯನ್ನು ಪ್ರಕಟಿಸಿದನು. ಆಕ್ಸಲೇಟ್ ಬೆರೆಸಿದ ಪ್ಲಾಸ್ಮಾಕ್ಕೆ ಥ್ರಾಂಬೋಪ್ಲಾಸ್ಟಿನ್ ಹಾಗೂ ಕ್ಯಾಲ್ಸಿಯಮನ್ನು ಸೇರಿಸಿದಾಗ ಹೆಪ್ಪುಗಟ್ಟಲು ತಗಲುವ ಸಮಯವು ಪ್ರೋಥ್ರಾಂಬಿನ್ನಿನ ಪ್ರಮಾಣವನ್ನು ಸೂಚಿಸುತ್ತದೆಂಬುದು ಅವನ ಗ್ರಹಿಕೆಯಾಗಿತ್ತು. ಆದರೆ ಶೇಖರಿಸಿಟ್ಟ ಪ್ಲಾಸ್ಮಾದಲ್ಲಿ ಈ ಸಮಯ ದಿನೇ ದಿನೇ ದೀರ್ಘವಾಗುತ್ತಿತ್ತು. ಇದನ್ನು ಕೆಟ್ಟ ಮಾದರಿಯೆಂದು ಚೆಲ್ಲಿಬಿಡಬಹುದಾಗಿತ್ತು. ಕ್ವಿಕ್ ಹಾಗೆ ಮಾಡಲಿಲ್ಲ. ಡೈಕುಮರಾಲ್ ಸೇವಿಸಿದ ಪ್ರಾಣಿಯ ಪ್ಲಾಸ್ಮಾದಲ್ಲಿಯೂ ಸಮಯವು ದೀರ್ಘವೇ. ಆದರೂ ಅದರ ತಾಜಾ ಅಂಶವನ್ನು ಸ್ವಲ್ಪ ಬೆರೆಸಿದರೆ ಹಳೆಯ ಪ್ಲಾಸ್ಮಾ ಸರಿಹೋಗುತ್ತಿತ್ತು. ಎರಡರಲ್ಲಿಯೂ ಕೊರತೆ ಒಂದೇ ವಸ್ತುವಿನದಾಗಿದ್ದರೆ ಇದು ಸಾಧ್ಯವಿರಲಿಲ್ಲ. ಶೇಖರಣೆಯಲ್ಲಿ ನಾಶವಾಗುವ ಪ್ರತ್ಯೇಕ ಅಂಶವೊಂದಿದೆಯೆಂದು 1943ರಲ್ಲಿ ಅವನು ಸೂಚಿಸಿದನು.

ಅದೇ ಕಾಲದಲ್ಲಿ, ಜರ್ಮನರ ಆಕ್ರಮಣಕ್ಕೊಳಗಾಗಿದ್ದ ನಾರ್ವೆಯಲ್ಲಿ ಪಾಲ್ ಓವ್ರೆನ್, ರಕ್ತಸ್ರಾವದಿಂದ ಬಳಲುತ್ತಿದ್ದ ತರುಣಿಯೊಬ್ಬಳಲ್ಲಿ ಆವರೆಗೆ ತಿಳಿಯದಿದ್ದ ಅಂಶವೊಂದರ ಕೊರತೆಯನ್ನು ಗುರುತಿಸಿದನು. ಯುದ್ಧಾನಂತರ, 1947ರಲ್ಲಿ ಅವನ ವಿವರವಾದ ವರದಿ ಬೆಳಕು ಕಂಡಿತು. ನಾಲ್ಕು ಅಂಶಗಳು ಆಗಲೇ ತಿಳಿದಿದ್ದುದರಿಂದ ಇದಕ್ಕೆ ಐದನೆಯ ಅಂಶವೆಂದು ಹೆಸರಾಯಿತು. ಕ್ವಿಕ್‌ನ ನಳಿಕೆಯಲ್ಲಿ ಕ್ಷೀಣಿಸುತ್ತಿದ್ದುದೂ ಇದೇ. ಈ ಅಂಶವು ಆಕ್ಸಲೇಟಿಗಿಂತ ಸಿಟ್ರೇಟಿನಲ್ಲಿ ಹೆಚ್ಚು ಕಾಲ ಉಳಿಯುತ್ತದೆ. ಮುಂದೆ ಸಿಟ್ರೇಟ್ ಸಾರ್ವತ್ರಿಕವಾಗಲು ಇದೂ ಒಂದು ಕಾರಣ.

ಗಾಜಿನ ಪಾತ್ರ

ಅಮೆರಿಕದ ರೈಲ್ವೆ ನೌಕರ ಜಾನ್ ಹೇಗ್‌ಮನ್‌ನ ಪ್ರಕರಣ ಇನ್ನೂ ಸೋಜಿಗದ್ದು. ಶಸ್ತ್ರಚಿಕಿತ್ಸೆಗೆ ಮುನ್ನ ಪರೀಕ್ಷಿಸಿದಾಗ ಅವನ ರಕ್ತ ಗಾಜಿನ ನಳಿಕೆಯಲ್ಲಿ ಬಹಳ ಹೊತ್ತು ಹೆಪ್ಪುಗಟ್ಟಲಿಲ್ಲ. ಆದರೆ ಅವನಿಗೆ ಅತಿಯಾದ ರಕ್ತಸ್ರಾವವೆಂಬುದೇ ಇರಲಿಲ್ಲ. 1955ರಲ್ಲಿ ರಾಟ್ನಾಫ್ ಮತ್ತು ಕೊಲೊಪಿ ವರದಿ ಮಾಡಿದ ಈ ಕೊರತೆಯೇ ಹನ್ನೆರಡನೆಯ ಅಂಶದ ಕೊರತೆ. ಗಾಜಿನ ಸ್ಪರ್ಶದಿಂದ ಚುರುಕಾಗುವ ಅಂಶವಿದು. 1968ರಲ್ಲಿ ಹೇಗ್‌ಮನ್ ತೀರಿಕೊಂಡದ್ದು ಶ್ವಾಸಕೋಶದ ನಾಳದಲ್ಲಿ ಸಿಲುಕಿದ ಹೆಪ್ಪಿನಿಂದ. ನಳಿಕೆಯ ಸಾಕ್ಷ್ಯವನ್ನು ದೇಹದ ಸಾಕ್ಷ್ಯವೆಂದು ನೇರವಾಗಿ ಓದಲಾಗದೆಂಬುದಕ್ಕೆ ಇದಕ್ಕಿಂತ ಮಿಗಿಲಾದ ನಿದರ್ಶನ ವಿರಳ.

ನಿಯಮಗಳ ಹಿನ್ನೆಲೆ

ಇಂದಿನ ಪ್ರಯೋಗಾಲಯದ ಕಟ್ಟಳೆಗಳು ಈ ಅನುಭವದ ಸಾರ. ಶೇಕಡ 3.2ರ ಸೋಡಿಯಂ ಸಿಟ್ರೇಟ್ ಒಂದು ಭಾಗಕ್ಕೆ ರಕ್ತ ಒಂಬತ್ತು ಭಾಗ. ನಳಿಕೆ ಪೂರ್ಣ ತುಂಬದಿದ್ದರೆ ಸಿಟ್ರೇಟ್ ಮಿಗುತ್ತದೆ, ಕಾಲವು ಸುಳ್ಳಾಗಿ ದೀರ್ಘವಾಗುತ್ತದೆ. ಹಾಳಾಗದಿರಲೆಂದು ಪ್ಲಾಸ್ಮಾ ಬೇರ್ಪಡಿಸದ ರಕ್ತವನ್ನು ಶೀತಕದಲ್ಲಿಡುವುದೂ ಅಪಾಯಕರ: ಏಳನೆಯ ಅಂಶ ಚುರುಕುಗೊಂಡು ಪ್ರೋಥ್ರಾಂಬಿನ್ ಕಾಲ ಕುಗ್ಗಬಹುದು; ಎಂಟನೆಯ ಅಂಶ ಹಾಗೂ ವಾನ್ ವಿಲ್ಲೆಬ್ರಾಂಡ್ ಅಂಶ ಕಡಿಮೆಯಾಗಿ, ಆರೋಗ್ಯವಂತನಿಗೆ ಆಜೀವ ರಕ್ತಸ್ರಾವರೋಗದ ಹಣೆಪಟ್ಟಿ ಬೀಳಬಹುದು.

ಈ ಚರಿತ್ರೆ ದೊಡ್ಡ ಪ್ರಯೋಗಾಲಯಗಳಿಗಷ್ಟೇ ಸಂಬಂಧಿಸಿದ್ದಲ್ಲ. ಕೊಳಕುಮಂಡಲದ ಕಡಿತಕ್ಕೊಳಗಾದ ಕೃಷಿಕನನ್ನು ನಮ್ಮ ತಾಲ್ಲೂಕು ಆಸ್ಪತ್ರೆಗೆ ತಂದಾಗ ಮಾಡುವ 20 ನಿಮಿಷಗಳ ಪರೀಕ್ಷೆಯು ಲೀ ಮತ್ತು ವೈಟ್‌ರ ಪರಂಪರೆಗೆ ಸೇರಿದ್ದು. ಸ್ವಲ್ಪ ರಕ್ತವನ್ನು ಒಣ ಗಾಜಿನ ನಳಿಕೆಯಲ್ಲಿ ಅಲುಗಿಸದೆ ಇಟ್ಟು, ಬಳಿಕ ಒಮ್ಮೆ ಬಾಗಿಸಿ ನೋಡಲಾಗುತ್ತದೆ. ನಳಿಕೆ ಪ್ಲಾಸ್ಟಿಕ್ಕಿನದಾಗಿದ್ದರೆ ಅಥವಾ ಮಾರ್ಜಕದಿಂದ ತೊಳೆದದ್ದಾಗಿದ್ದರೆ ವಿಷವೇರದವನ ರಕ್ತವೂ ದ್ರವವಾಗಿಯೇ ಉಳಿಯಬಹುದು; ಅನಗತ್ಯವಾಗಿ ಪ್ರತಿವಿಷವನ್ನು ನೀಡುವಂತಾಗಬಹುದು. ಕುದುರೆಯ ರಕ್ತದಿಂದ ತಯಾರಾಗುವ ಆ ಔಷಧವು ಕೆಲವರಲ್ಲಿ ಪ್ರಾಣಾಂತಿಕ ಪ್ರತಿಕ್ರಿಯೆಯನ್ನುಂಟುಮಾಡಬಲ್ಲದು.

ಸಮಾರೋಪ

ಮಾದರಿಯ ಕೆಡುವಿಕೆಯನ್ನು ಗಮನವಿಟ್ಟು ನೋಡಿದವರಿಗೆ ಅದು ಹೊಸ ಅಂಶಗಳನ್ನು ತೋರಿಸಿಕೊಟ್ಟಿತು. ಅದನ್ನು ಕಡೆಗಣಿಸಿದಲ್ಲಿ ತಪ್ಪು ನಿದಾನಕ್ಕೆ ಎಡೆಮಾಡುತ್ತದೆ. ಹೀಗಾಗಿ ರಕ್ತವನ್ನು ಯಾವ ನಳಿಕೆಯಲ್ಲಿ, ಯಾವಾಗ ಸಂಗ್ರಹಿಸಲಾಯಿತು, ಹೇಗೆ ಇಡಲಾಯಿತು ಎಂಬ ದಾಖಲೆಯನ್ನೂ ಪರೀಕ್ಷೆಯ ಅಂಗವೆಂದೇ ಪರಿಗಣಿಸುವುದು ಯುಕ್ತ.