ಹೂವಿನ ಹೆಸರೂ ಅದರ ನೋಂದಣಿಯೂ

ಕ್ರಿ.ಶ. 1443ರಲ್ಲಿ ಹಿರಾತದ ಅರಸನಾದ ಷಾರುಖನ ರಾಯಭಾರಿಯಾಗಿ ವಿಜಯನಗರಕ್ಕೆ ಬಂದ ಅಬ್ದುರ್ ರಜಾಕನು ಅಲ್ಲಿಯ ಬೀದಿಗಳಲ್ಲಿ ಕಂಡ ಸಂಗತಿಗಳಲ್ಲಿ ಗುಲಾಬಿಯ ಮಾರಾಟವೂ ಒಂದು. ಎಲ್ಲೆಲ್ಲಿಯೂ ಗುಲಾಬಿ ಮಾರುವವರೇ ಇದ್ದರೆಂದೂ, ಆ ಊರಿನ ಜನಕ್ಕೆ ಅನ್ನವು ಎಷ್ಟು ಅವಶ್ಯವೋ ಈ ಹೂವೂ ಅಷ್ಟೇ ಅವಶ್ಯವಾಗಿದ್ದಿತೆಂದೂ ಆತನು ಬರೆದಿಟ್ಟಿದ್ದಾನೆ. ಅವನ ತರುವಾಯ ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರ ಹೊತ್ತಿಗೆ, ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯಸನು ಮಹಾನವಮಿಯ ಉತ್ಸವವನ್ನು ವರ್ಣಿಸುವಾಗ, ಬಿಳಿಯ ಗುಲಾಬಿಗಳನ್ನು ತುಂಬಿದ ಬುಟ್ಟಿಯಿಂದ ರಾಯನು ಹಿಡಿಹಿಡಿಯಾಗಿ ಹೂವೆತ್ತಿ ಪಟ್ಟದ ಕುದುರೆಗಳ ಮೇಲೆ ಎರಚುವುದನ್ನು ಹೇಳಿದ್ದಾನೆ. ಇವರಿಬ್ಬರೂ ಕಣ್ಣುಳ್ಳ ಪ್ರವಾಸಿಗಳು. ರತ್ನದ ಅಂಗಡಿಯನ್ನೂ ಕುದುರೆಯ ಬೆಲೆಯನ್ನೂ ಬಿಡದೆ ಬರೆದವರು. ಆದರೆ ಆ ಗುಲಾಬಿ ಯಾವ ತಳಿಯದು, ಯಾವ ಊರಿನ ತೋಟದಿಂದ ಬರುತ್ತಿದ್ದಿತು, ಅದನ್ನು ಬೆಳೆಸಿದವರಾರು ಎಂಬ ವಿಷಯದಲ್ಲಿ ಒಂದು ಅಕ್ಷರವೂ ಅವರ ಬರಹದಲ್ಲಿ ಇಲ್ಲ.

ಅದು ಗುಲಾಬಿಯೇ ಹೌದೋ ಅಲ್ಲವೋ ಎಂಬ ಶಂಕೆಗೂ ಅವಕಾಶವುಂಟು. ಸಂಸ್ಕೃತ ನಿಘಂಟುಗಳಲ್ಲಿ ‘ಸೇವತೀ’, ‘ಸೇವಂತೀ’ ಎಂಬ ಶಬ್ದಕ್ಕೆ ಬಿಳಿಯ ಗುಲಾಬಿ ಎಂಬ ಅರ್ಥವಿರುವುದು. ಇಂದಿನ ಕನ್ನಡಿಗನಾದರೋ ಸೇವಂತಿಗೆ ಎಂದರೆ ಚೀನಾ ದೇಶದ ಕಡೆಯಿಂದ ಬಂದ ಬೇರೊಂದು ಹೂವನ್ನೇ ತಿಳಿಯುವನು. ಹೂವು ಬೇರೆಯಾದರೂ ಹೆಸರು ಹಳೆಯದೇ ಉಳಿದುಕೊಂಡಿತು. ಇಂದು ಹಂಪೆಯ ವಿರೂಪಾಕ್ಷನ ಬಾಗಿಲಿಗೆ ತೋರಣವಾಗುವ ಚೆಂಡುಹೂವು ಅಮೆರಿಕಾ ಖಂಡದ ಗಿಡ. ರಜಾಕನು ಬಂದಾಗ ಅದು ಈ ದೇಶದಲ್ಲಿರಲು ಸಾಧ್ಯವೇ ಇಲ್ಲ. ಆದರೂ ಅನಾದಿಕಾಲದಿಂದ ಇದೇ ಹೂವಿನಿಂದ ಪೂಜೆ ನಡೆಯುತ್ತ ಬಂದಿದೆಯೆಂದು ಹೇಳುವ ಭಕ್ತರಿಗೆ ಕೊರತೆಯಿಲ್ಲ. ಬರವಣಿಗೆಯ ಆಧಾರವಿಲ್ಲದ ಹೆಸರು ಬಾಯಿಂದ ಬಾಯಿಗೆ ಹೋಗುವಾಗ ಎಷ್ಟು ಸುಲಭವಾಗಿ ಕೈ ಬದಲಾಯಿಸುವುದೆಂಬುದಕ್ಕೆ ಇವೆರಡೇ ಸಾಕು.

ಹಾಗೆಂದರೆ ನಮ್ಮ ಪೂರ್ವಿಕರು ಹೂವಿನ ವಿಷಯವನ್ನು ದಾಖಲೆ ಮಾಡಲೇ ಇಲ್ಲವೆಂದು ತಿಳಿಯಬಾರದು. ಕನ್ನಡ ನಾಡಿನ ದಾನಶಾಸನಗಳಲ್ಲಿ ‘ಪೂದೋಂಟ’ ಎಂಬ ಮಾತು ಮೇಲಿಂದ ಮೇಲೆ ಬರುವುದು. ದೇವರ ಪೂಜೆಗೆ ಹೂದೋಟಕ್ಕಾಗಿ ಇಷ್ಟು ಮತ್ತರು ಭೂಮಿ, ಅದರ ಮೂಡಣ ಎಲ್ಲೆ ಇಂತಹುದು, ಪಡುವಣ ಎಲ್ಲೆ ಇಂತಹುದು ಎಂದು ಕಲ್ಲಿನ ಮೇಲೆ ಕೊರೆಯಿಸಿದರು. ಅಳಿದವನಿಗೆ ಶಾಪವನ್ನೂ ಬರೆಯಿಸಿದರು. ಭೂಮಿಗೆ ದಾಖಲೆಯಾಯಿತು, ದಾನಿಗೆ ದಾಖಲೆಯಾಯಿತು. ತೋಟದಲ್ಲಿ ನೆಟ್ಟ ಗಿಡದ ತಳಿಗೆ ಮಾತ್ರ ಆಗಲಿಲ್ಲ.

ಊರಿನ ಹೆಸರಿನಲ್ಲಿಯೇ ಹೂವನ್ನು ದಾಖಲೆ ಮಾಡಿಕೊಂಡ ಒಂದು ಸ್ಥಳವು ಹೊಸಪೇಟೆಯ ನೆರೆಯಲ್ಲಿಯೇ ಇದೆ. ಅದು ಹೂವಿನ ಹಡಗಲಿ. 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ಹೊಸಪೇಟೆಯನ್ನು ಕೇಂದ್ರವಾಗಿ ಪಡೆದ ವಿಜಯನಗರ ಜಿಲ್ಲೆಯಲ್ಲಿ ಇದೂ ಒಂದು ತಾಲ್ಲೂಕು. (ಸಂಡೂರೂ ಕಂಪ್ಲಿಯೂ ಬಳ್ಳಾರಿಯಲ್ಲಿಯೇ ಉಳಿದವು.) ತುಂಗಭದ್ರೆಯ ಮೇಲೆ ಹಡಗುಗಳಲ್ಲಿ ಹೂವನ್ನು ತುಂಬಿ ಹಂಪೆಯ ವಿರೂಪಾಕ್ಷನ ಪೂಜೆಗೆ ಕಳುಹಿಸುತ್ತಿದ್ದುದರಿಂದ ಊರಿಗೆ ಈ ಹೆಸರು ಬಂದಿತೆಂಬ ಐತಿಹ್ಯವು ಆ ಸೀಮೆಯಲ್ಲಿ ಎಲ್ಲರ ಬಾಯಲ್ಲಿಯೂ ಇರುವುದು. ಹಡಗಲಿಯು ಹಂಪೆಗೆ ಹೊಳೆಯ ಮೇಲುಗಡೆ ಇರುವುದರಿಂದ ಮಾತು ಅಸಂಭವವೇನೂ ಅಲ್ಲ; ಬಂಡೆಗಳಿಂದ ತುಂಬಿದ ಆ ಹೊಳೆಯಲ್ಲಿ ಹಡಗಿಗಿಂತ ಹರಿಗೋಲೇ ಹೆಚ್ಚು ನಂಬತಕ್ಕ ವಾಹನವೆಂದು ಹೇಳಬೇಕಾದೀತು, ಅಷ್ಟೆ. ಆದರೆ ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳು ಈ ಊರನ್ನು ಆಗಲೇ ‘ಪೂವಿನ ಪಡಂಗಿಲೆ’ ಎಂದು ಕರೆದಿವೆ. ಪಕಾರವು ಹಕಾರವಾಗಿ ‘ಪೂ’ ಎಂಬುದು ‘ಹೂ’ ಆದುದು ಕನ್ನಡ ಬಲ್ಲವರಿಗೆ ಹೊಸ ವಿಷಯವಲ್ಲ. ವಿಜಯನಗರದ ಪಟ್ಟಣವು ಕಟ್ಟಲ್ಪಟ್ಟುದು ಹದಿನಾಲ್ಕನೆಯ ಶತಮಾನದಲ್ಲಿ. ಆದುದರಿಂದ ಊರಿಗೆ ಹೂವಿನ ಹೆಸರು ರಾಯರ ರಾಜಧಾನಿಯಿಂದ ಬಂದುದಲ್ಲ. ರಾಜಧಾನಿಯು ಹುಟ್ಟುವ ಮೊದಲೇ ಹೂವು ಅಲ್ಲಿದ್ದಿತು.

ಹಡಗಲಿಯ ಹೂವೆಂದರೆ ಮಲ್ಲಿಗೆ. ಮಲ್ಲಿಗೆಯ ವಿಷಯದಲ್ಲಿ ಒಂದು ವಿಶೇಷವನ್ನು ಗಮನಿಸತಕ್ಕದ್ದು. ತೋಟಗಾರನು ಅದನ್ನು ಬೀಜದಿಂದ ಬೆಳೆಸುವುದಿಲ್ಲ. ಕಡ್ಡಿಯನ್ನು ಕತ್ತರಿಸಿ ನೆಡುತ್ತಾನೆ, ಇಲ್ಲವೆ ಕೊಂಬೆಯನ್ನು ಬಗ್ಗಿಸಿ ಮಣ್ಣಿನಲ್ಲಿ ಹೂತು ಬೇರು ಬರಿಸುತ್ತಾನೆ. ಆದಕಾರಣ ಹೊಸ ಗಿಡವು ಹಳೆಯ ಗಿಡದ ಮಗಳಲ್ಲ, ಅದೇ ಗಿಡದ ಮುಂದುವರಿದ ದೇಹ. ಅಜ್ಜನು ಆರಿಸಿದ ಕಡ್ಡಿಯೇ ಮೊಮ್ಮಗನ ಹೊಲದಲ್ಲಿ ಮೊಗ್ಗು ಬಿಡುತ್ತಿರುವುದು. ಯಾವ ಕಾಲದಲ್ಲಿಯೋ ಯಾವನೋ ಒಬ್ಬನು, ಅಥವಾ ಒಬ್ಬಳು, ಬೇಲಿಯ ಹತ್ತು ಗಿಡಗಳಲ್ಲಿ ಒಂದರ ವಾಸನೆ ಹೆಚ್ಚೆಂದು ಕಂಡು ಅದರ ಕಡ್ಡಿಯನ್ನು ಮಾತ್ರ ನೆಟ್ಟಿರಬೇಕು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅವನೇ ತಳಿಗಾರ. ಅವನಿಗೆ ಪತ್ರವನ್ನು ಕೊಡತಕ್ಕ ಕಚೇರಿಯು ಆಗ ಇರಲಿಲ್ಲ.

ಇಂತಹ ಕಚೇರಿಗಳು ಹುಟ್ಟಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಅಮೆರಿಕಾ ಸಂಯುಕ್ತ ಸಂಸ್ಥಾನವು 1930ರಲ್ಲಿ ಕಡ್ಡಿ, ಕಸಿಗಳಿಂದ ವೃದ್ಧಿಯಾಗುವ ಹೊಸ ಗಿಡಗಳಿಗೂ ಯಂತ್ರಗಳಿಗೆ ಕೊಡುವಂತೆಯೇ ಪೇಟೆಂಟು ಕೊಡುವ ಕಾನೂನನ್ನು ಮಾಡಿತು. ಮರುವರ್ಷ ಕೊಡಲ್ಪಟ್ಟ ಮೊದಲನೆಯ ಪತ್ರವೇ ‘ನ್ಯೂ ಡಾನ್’ ಎಂಬ ಹೆಸರಿನ ಬಳ್ಳಿಗುಲಾಬಿಗೆ. ಇದು ಒಡೆತನದ ಮಾತು. ಹೆಸರಿನ ವ್ಯವಸ್ಥೆ ಬೇರೆ. ಸಾಗುವಳಿಯ ಗಿಡಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ನಿಯಮಾವಳಿಯು 1953ರಲ್ಲಿ ಮೊದಲ ಬಾರಿಗೆ ಪ್ರಕಟವಾಯಿತು. ಆ ಬಳಿಕ ಒಂದೊಂದು ಹೂವಿನ ಕುಲಕ್ಕೆ ಒಂದೊಂದು ಸಂಸ್ಥೆಯು ಹೆಸರುಗಳ ಪುಸ್ತಕವನ್ನು ಇಡುವ ಏರ್ಪಾಡಾಯಿತು. ಇಬ್ಬರು ಒಂದೇ ಹೆಸರನ್ನು ಬೇರೆ ಬೇರೆ ಹೂಗಳಿಗೆ ಇಡಬಾರದು, ಒಂದೇ ಹೂವಿಗೆ ಎರಡು ಹೆಸರಿರಬಾರದು ಎಂಬುದೇ ಅದರ ಉದ್ದೇಶ. ಗುಲಾಬಿಯ ಪುಸ್ತಕವು ಅಮೆರಿಕಾದ ಗುಲಾಬಿ ಸಂಘದಲ್ಲಿಯೂ, ಆರ್ಕಿಡ್ ಮಿಶ್ರತಳಿಗಳ ಪುಸ್ತಕವು ಲಂಡನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯಲ್ಲಿಯೂ ಇರುವುದು. ಕಾಗದದ ಹೂವೆಂದು ಜನರು ಕರೆಯುವ ಬೋಗನ್‌ವಿಲ್ಲಾದ ಪುಸ್ತಕವನ್ನು ಇಡುವ ಭಾರವು ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಗೆ ಬಂದಿತು. ಗಿಡವೇನೋ ದಕ್ಷಿಣ ಅಮೆರಿಕಾದ್ದು. ಹೆಸರಿನ ದಫ್ತರು ಭಾರತದಲ್ಲಿ.

ಭಾರತದಲ್ಲಿ ತಳಿಗಳ ಒಡೆತನಕ್ಕೆ ಸಂಬಂಧಪಟ್ಟ ಕಾನೂನು 2001ರದು. ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಅಧಿನಿಯಮವೆಂದು ಅದರ ಹೆಸರು. ಅದರ ಪ್ರಾಧಿಕಾರವು 2005ರಲ್ಲಿ ದೆಹಲಿಯಲ್ಲಿ ಸ್ಥಾಪಿತವಾಯಿತು. ಮೊದಲು ಭತ್ತ, ಗೋಧಿ ಮೊದಲಾದ ಧಾನ್ಯಗಳನ್ನು ತೆಗೆದುಕೊಂಡು, ಆಮೇಲೆ ಗುಲಾಬಿ, ಸೇವಂತಿಗೆ ಮುಂತಾದ ಹೂಗಳಿಗೆ ನೋಂದಣಿಯ ಬಾಗಿಲನ್ನು ತೆರೆದರು. ಹೊಸ ಹೂವಿಗೆ ನಾಲ್ಕು ಪರೀಕ್ಷೆಗಳು: ಅದು ಹೊಸದಾಗಿರಬೇಕು, ತಿಳಿದ ತಳಿಗಳಿಂದ ಬೇರೆಯಾಗಿ ಕಾಣಬೇಕು, ನೆಟ್ಟ ಗಿಡಗಳೆಲ್ಲ ಒಂದೇ ಬಗೆಯಾಗಿರಬೇಕು, ಮರಳಿ ಮರಳಿ ನೆಟ್ಟಾಗಲೂ ಆ ಲಕ್ಷಣವು ಕೆಡಬಾರದು. ಹೊಸದೆಂಬ ಮಾತಿಗೂ ಲೆಕ್ಕವಿದೆ. ಅರ್ಜಿ ಹಾಕುವುದಕ್ಕೆ ಮುಂಚೆ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಅದರ ಸಸಿಯು ಈ ದೇಶದಲ್ಲಿ ಮಾರಾಟವಾಗಿರಕೂಡದು. ಅರ್ಜಿದಾರನು ತಂದೆತಾಯಿ ಗಿಡಗಳನ್ನೂ ಅವು ದೊರೆತ ಸ್ಥಳವನ್ನೂ ಹೇಳಬೇಕು. ಗಿಡವನ್ನು ಪರೀಕ್ಷಾ ಕ್ಷೇತ್ರದಲ್ಲಿ ಇತರ ತಳಿಗಳ ಪಕ್ಕದಲ್ಲಿ ಬೆಳೆಸಿ, ಎಲೆಯ ಅಂಚು, ತೊಟ್ಟಿನ ಉದ್ದ, ದಳಗಳ ಎಣಿಕೆಗಳನ್ನು ನೋಡಿ, ಬಣ್ಣವನ್ನು ಅಚ್ಚಾದ ಬಣ್ಣದ ಪಟ್ಟಿಯೊಡನೆ ಹೋಲಿಸಿ ಬರೆದುಕೊಳ್ಳುವರು. ಅನಂತರ ವಿವರಗಳನ್ನು ಪ್ರಕಟಿಸುವರು. ಆಕ್ಷೇಪಣೆಗೆ ಮೂರು ತಿಂಗಳ ಅವಧಿ. ಇಷ್ಟೆಲ್ಲ ಆದ ಮೇಲೆ ಪತ್ರ. ಬಳ್ಳಿಗಳಿಗೂ ಮರಗಳಿಗೂ ಅದರ ಒಟ್ಟು ಆಯುಸ್ಸು 18 ವರ್ಷ, ಮಿಕ್ಕವುಗಳಿಗೆ 15.

ಈ ಕಾನೂನಿನಲ್ಲಿ ಎರಡು ಸಂಗತಿಗಳು ಇತರ ದೇಶಗಳ ಕಾನೂನುಗಳಲ್ಲಿ ಸುಲಭವಾಗಿ ದೊರೆಯತಕ್ಕವಲ್ಲ. ಸಂಸ್ಥೆಗಳಂತೆಯೇ ಒಬ್ಬ ರೈತನೂ, ಒಂದು ಊರಿನ ರೈತಸಮೂಹವೂ ತಳಿಗಾರರೆಂದು ಅರ್ಜಿ ಹಾಕಬಹುದು. ರೈತರು ತಲೆಮಾರುಗಳಿಂದ ಬೆಳೆಸಿಕೊಂಡು ಬಂದ ತಳಿಗೆ ಹೊಸತನದ ಪರೀಕ್ಷೆಯಿಲ್ಲ. ಮತ್ತು ನೋಂದಣಿಯಾದ ತಳಿಯನ್ನೂ ರೈತನು ತನ್ನ ಹೊಲದಲ್ಲಿ ಉಳಿಸಿಕೊಂಡು ಮತ್ತೆ ಬೆಳೆಯಲು, ನೆರೆಯವನಿಗೆ ಕೊಡಲು ಅಡ್ಡಿಯಿಲ್ಲ; ಒಡೆಯನ ಮುದ್ರೆಯ ಹೆಸರಿನಲ್ಲಿ ಮಾರಕೂಡದು, ಅಷ್ಟೆ. ಕಡ್ಡಿಯನ್ನು ಬೇಲಿಯಾಚೆಗೆ ಕೊಡುವುದೇ ಹೂವಿನ ಕೃಷಿಯ ಜೀವಾಳವಾಗಿರುವ ನಾಡಿನಲ್ಲಿ ಈ ಎರಡನೆಯದು ಸಣ್ಣ ಮಾತಲ್ಲ.

ಕರ್ನಾಟಕದಲ್ಲಿ ಹೊಸ ಹೂಗಳನ್ನು ಕ್ರಮವಾಗಿ ತಯಾರಿಸಿದ ಕೀರ್ತಿಯು ಬೆಂಗಳೂರಿನ ಹತ್ತಿರದ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಗೆ ಸಲ್ಲತಕ್ಕದ್ದು. ಮೆಕ್ಸಿಕೋ ದೇಶದಿಂದ ಬಂದ ಸುಗಂಧರಾಜದಲ್ಲಿ ಒಂಟಿ ದಳದ ಜಾತಿಯನ್ನೂ ಜೋಡಿ ದಳದ ಜಾತಿಯನ್ನೂ ಕೂಡಿಸಿ ‘ಶೃಂಗಾರ’, ‘ಸುವಾಸಿನಿ’ ಎಂಬ ತಳಿಗಳನ್ನು ಅಲ್ಲಿ ಪಡೆದರು. ಶೃಂಗಾರವನ್ನು ಮೆಕ್ಸಿಕೋದ ಒಂಟಿ ದಳದ ಜಾತಿಯೊಡನೆ ಕೂಡಿಸಿ ‘ಪ್ರಜ್ವಲ’ವನ್ನು ಪಡೆದರು. ಆಸ್ಟರಿನಲ್ಲಿ ‘ಕಾಮಿನಿ’, ‘ಪೂರ್ಣಿಮಾ’, ‘ಶಶಾಂಕ’ ಎಂಬವು ಅದೇ ಕ್ಷೇತ್ರದ ಹೂಗಳು. ಹೆಸರುಗಳು ಚೆಂದವಾಗಿವೆ, ವಂಶಾವಳಿಯೂ ಸ್ಪಷ್ಟವಾಗಿದೆ. ಆದರೆ ಪೇಟೆಯಲ್ಲಿ ಮಾಲೆ ಕಟ್ಟುವವಳಿಗೂ ಕೊಳ್ಳುವವಳಿಗೂ ಅದು ಸುಗಂಧರಾಜ. ಪ್ರಜ್ವಲವೆಂದು ಕೇಳಿ ಕೊಳ್ಳುವವರನ್ನು ಹುಡುಕಬೇಕು. ದಾಖಲೆಯ ಹೆಸರು ಸಸಿ ಮಾರುವವನ ಹತ್ತಿರ ನಿಂತುಬಿಡುವುದು, ಮುಡಿಯವರೆಗೆ ಬರುವುದಿಲ್ಲ.

ಹಡಗಲಿಯ ಮಲ್ಲಿಗೆಯದು ಇದಕ್ಕೆ ತಲೆಕೆಳಗಾದ ಕಥೆ. ಅದರ ಹೆಸರು ಮೊದಲಿನಿಂದಲೂ ಮುಡಿಯಲ್ಲಿಯೇ ಇದ್ದಿತು. ದಾಖಲೆಗೆ ಬಂದುದು ಕಡೆಗೆ. ಅದೂ ಹೊಸ ತಳಿಯ ಪುಸ್ತಕದಲ್ಲಲ್ಲ. 1999ರಲ್ಲಿ ಆಗಿ 2003ರಲ್ಲಿ ಜಾರಿಗೆ ಬಂದ ಭೌಗೋಳಿಕ ಸೂಚಕಗಳ ಕಾನೂನಿನ ಮೇರೆಗೆ ಚೆನ್ನೈ ನಗರದಲ್ಲಿರುವ ಕಚೇರಿಯ ಪುಸ್ತಕದಲ್ಲಿ, 2007-08ರ ಸಾಲಿನಲ್ಲಿ, ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆಗಳ ಜೊತೆಯಲ್ಲಿ ಹಡಗಲಿ ಮಲ್ಲಿಗೆಯೂ ನೋಂದಣಿಯಾಯಿತು. ಎರಡು ಪುಸ್ತಕಗಳ ನಿಯಮಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಒಂದು ವೈಚಿತ್ರ್ಯವು ಕಾಣುವುದು. ತಳಿಗಳ ಕಾನೂನಿನಲ್ಲಿ ಹೂವಿಗೆ ಊರಿನ ಹೆಸರನ್ನು ಇಡುವುದು ಸಾಮಾನ್ಯವಾಗಿ ನಿಷಿದ್ಧ; ಅದು ಪ್ರಾಮಾಣಿಕವಾದ ಬಳಕೆಯೆಂದು ಅಧಿಕಾರಿಗೆ ತೋರಿದರೆ ಮಾತ್ರ ಒಪ್ಪಿಗೆ. ಸೂಚಕಗಳ ಕಾನೂನಿನಲ್ಲಿಯಾದರೋ ಊರಿನ ಹೆಸರೇ ಸರ್ವಸ್ವ. ಒಂದು ಪುಸ್ತಕವು ಗಿಡವನ್ನು ಕೇಳುತ್ತದೆ, ಮತ್ತೊಂದು ನೆಲವನ್ನು ಕೇಳುತ್ತದೆ. ಹಡಗಲಿಯ ಕಡ್ಡಿಯನ್ನು ಕಂಪ್ಲಿಯ ಕಾಲುವೆಯ ಬಯಲಿನಲ್ಲಿ ನೆಟ್ಟರೆ ಗಿಡವು ಅದೇ. ಅದರ ಹೂವನ್ನು ಹಡಗಲಿ ಮಲ್ಲಿಗೆಯೆಂದು ಮಾರುವಂತಿಲ್ಲ.

ಇದರಿಂದ ಬೆಳೆಗಾರನಿಗೆ ಏನು ದೊರೆತಿತೆಂಬುದನ್ನು ಕೇಳದೆ ಇರುವುದು ಸರಿಯಲ್ಲ. ಆ ಕಾನೂನಿನ ಪುಸ್ತಕಕ್ಕೆ ಎರಡು ಭಾಗಗಳು. ಮೊದಲನೆಯದರಲ್ಲಿ ಹೆಸರನ್ನೂ ಅದರ ಒಡೆತನವುಳ್ಳ ಸಂಸ್ಥೆಯನ್ನೂ ಬರೆಯುವರು. ಎರಡನೆಯದರಲ್ಲಿ ಆ ಹೆಸರನ್ನು ಬಳಸಲು ಅಧಿಕಾರವುಳ್ಳ ಒಬ್ಬೊಬ್ಬ ಬೆಳೆಗಾರನನ್ನು ಅವನು ಕೇಳಿಕೊಂಡರೆ ಬರೆಯುವರು. ಮೊದಲನೆಯ ಭಾಗದಲ್ಲಿ ಹೂವು ಸೇರಿದ ದಿನ ಪತ್ರಿಕೆಗಳಲ್ಲಿ ಸುದ್ದಿಯಾಗುತ್ತದೆ. ಎರಡನೆಯ ಭಾಗಕ್ಕೆ ಬೆಳೆಗಾರನು ತಾನಾಗಿ ಹೋಗಬೇಕು. ಸಂಡೂರಿನ ಲಂಬಾಣಿ ಕಸೂತಿಯೂ 2010-11ರಲ್ಲಿ ಇದೇ ಪುಸ್ತಕವನ್ನು ಸೇರಿತು. ಕಸೂತಿಗೆ ಒಂದು ಅನುಕೂಲವಿರುವುದು: ಬಟ್ಟೆ ಕೆಡುವುದಿಲ್ಲ, ಚೀಟಿಯನ್ನು ಹೊಲಿದು ದೂರದ ಪಟ್ಟಣಕ್ಕೆ ಕಳುಹಿಸಬಹುದು, ಹೆಣ್ಣುಮಕ್ಕಳು ಒಟ್ಟಾಗಿ ಕೆಲಸ ಮಾಡುವ ಕೇಂದ್ರವೇ ಹೆಸರನ್ನು ಕಾಯುತ್ತದೆ. ಮಲ್ಲಿಗೆಯಾದರೋ ಹೊತ್ತು ಏರುವ ಮೊದಲೇ ಮೊಗ್ಗಾಗಿ ಕೀಳಬೇಕಾದ ಪದಾರ್ಥ, ಸಂಜೆಗೆ ಅರಳಿ ಮರುದಿನ ಬಾಡುವುದು. ಮೊಗ್ಗಿಗೆ ಚೀಟಿ ಅಂಟಿಸುವವರಾರು? ಮೊಳದ ಲೆಕ್ಕದಲ್ಲಿ ಮಾರುವ ಮಾಲೆಯಲ್ಲಿ ಹಡಗಲಿಯ ಮೊಗ್ಗು ಎಷ್ಟು, ಬೇರೆ ಊರಿನದು ಎಷ್ಟು ಎಂದು ಪರೀಕ್ಷಿಸುವವರಾರು? ಕೊಳ್ಳುವವಳ ಮೂಗೊಂದೇ ಅಲ್ಲಿಯ ನ್ಯಾಯಾಧೀಶ.

ಈ ನೋಂದಣಿಗೆ ಹತ್ತು ವರ್ಷಗಳ ಅವಧಿ. ಮತ್ತೆ ಮತ್ತೆ ನವೀಕರಿಸಿಕೊಳ್ಳಬಹುದು. ತಳಿಯ ಹಕ್ಕಿನಂತೆ ಇದಕ್ಕೆ ಕೊನೆಯ ವರ್ಷವೆಂಬುದಿಲ್ಲ. ಪತ್ರವನ್ನು ಹೀಗೆ ಎಷ್ಟು ಕಾಲ ಬೇಕಾದರೂ ಜೀವಂತವಾಗಿ ಇಡಬಹುದು. ಗಿಡವನ್ನು ಇಡುವುದು ಬೇರೆ ಕೆಲಸ. ಮೊಗ್ಗು ಕೀಳುವ ಕೂಲಿಯೂ ಹೂವಿನ ಬೆಲೆಯೂ ಸರಿಹೋಗದ ವರ್ಷ ರೈತನು ಮಲ್ಲಿಗೆಯನ್ನು ಕಿತ್ತು ಮೆಕ್ಕೆಜೋಳ ಬಿತ್ತಿದರೆ ಅದನ್ನು ತಡೆಯುವ ಕಲಮು ಎರಡು ಕಾನೂನುಗಳಲ್ಲಿಯೂ ಇಲ್ಲ. ಬೀಜವಾದರೆ ಡಬ್ಬಿಯಲ್ಲಿಟ್ಟು ಕೆಲವು ವರ್ಷ ಕಾಯಬಹುದು. ಕಡ್ಡಿಯಿಂದ ಕಡ್ಡಿಗೆ ಬರುವ ಹೂವನ್ನು ಯಾರಾದರೊಬ್ಬರು ಎಲ್ಲಿಯಾದರೂ ನೆಟ್ಟುಕೊಂಡೇ ಇರಬೇಕು. ರಾಯರ ಕಾಲದ ಕಾಲುವೆಗಳಲ್ಲಿ ಬಸವಣ್ಣ ಕಾಲುವೆ, ರಾಯ ಕಾಲುವೆ, ತುರುತ್ತು ಕಾಲುವೆಗಳು ಈಗಲೂ ಹರಿಯುತ್ತಿವೆ. ಅವುಗಳ ದಂಡೆಯಲ್ಲಿ ಬಾಳೆಯೂ ಕಬ್ಬೂ ಭತ್ತವೂ ಇವೆ. ಮಹಾನವಮಿಯ ಆ ಬಿಳಿಯ ಹೂವು ಅಲ್ಲಿ ಇಲ್ಲ. ಹಡಗಲಿಯ ಹೊಲಗಳಲ್ಲಿ ಮಾತ್ರ ಬೆಳಗಿನ ಜಾವಕ್ಕೆ ಮೊಗ್ಗು ಕೀಳುವವರು ಇನ್ನೂ ಸಾಲುಗಳ ನಡುವೆ ಇದ್ದಾರೆ.